ಇಂಗುಗುಂಡಿಗೆ ಮಣ್ಣು ನೋಡಿದ್ದು

ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ಮರಳು ಮಣ್ಣು ನೀರನ್ನು ಬೇಗ ಬಿಟ್ಟುಕೊಡುತ್ತದೆ, ಜೇಡಿ ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ ಎಂದು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ ನನಗೇ ಗೊತ್ತಿಲ್ಲ. ಪರೀಕ್ಷೆಯಲ್ಲಿ ಅದು ಎರಡು ಅಂಕದ ಪ್ರಶ್ನೆ. ತಪ್ಪು ಬರೆದ ಮಕ್ಕಳಿಗೆ ನಾನು ಬೈದಿದ್ದೂ ಕಡಿಮೆಯಲ್ಲ. ಅಂಥ ನಾನು, ನಮ್ಮದೇ ಮನೆಯ ಪಾಯಿಖಾನೆಯ ನೀರು ಎಲ್ಲಿ ಇಂಗಬೇಕು ಎಂಬ ಪ್ರಶ್ನೆ ಎದುರಾದಾಗ ತಲೆಬುಡ ತಿಳಿಯದೆ ನಿಂತೆ. ಇದನ್ನು ಬರೆಯುತ್ತಿರುವಾಗಲೂ ಪೂರ್ತಿ ತಿಳಿದಿದೆ ಎಂದು ಹೇಳಲಾರೆ.

ಕಳಸದ ದಾರಿಯಲ್ಲಿ ನಮ್ಮನೆಯವರ ಪಾಲಿಗೆ ಬಂದ ನಾಲ್ಕು ಎಕರೆ ಕಾಫಿ ತೋಟವಿದೆ. ಮೂಡಿಗೆರೆಯ ಬಾಡಿಗೆ ಮನೆ ಸಾಕಾಗಿ ಅಲ್ಲೇ ಸಣ್ಣದೊಂದು ಮನೆ ಕಟ್ಟಲು ಹೊರಟೆವು. ಜಾಗವೆಲ್ಲ ಇಳಿಜಾರು. ಮೇಲ್ಗಡೆ ಸಿಲ್ವರ್ ಓಕ್ ಮರಗಳ ಸಾಲು, ನಡುವೆ ಮನೆಗೆಂದು ಸಮ ಮಾಡಿಸಿದ ನೆಲ, ಅದರ ಕೆಳಗೆ ಒಂದು ಹಲಸಿನ ಮರ, ಇನ್ನೂ ಕೆಳಗೆ ಕಡಿದಾದ ದರೆ. ಆ ದರೆಯ ಬುಡದಿಂದ ವರ್ಷವಿಡೀ ನೀರು ಒಸರುತ್ತದೆ. ನಮ್ಮ ಕಡೆ ಅದಕ್ಕೆ ಅಬ್ಬಿ ಎನ್ನುತ್ತಾರೆ. ಕೆಳಗಿನ ಮನೆಯವರು ಅದಕ್ಕೊಂದು ಪೈಪು ಸಿಕ್ಕಿಸಿ ಕುಡಿಯಲು, ಅಡುಗೆಗೆ, ದನಕ್ಕೆ ಎಲ್ಲಕ್ಕೂ ಅದನ್ನೇ ಹಾಯಿಸಿಕೊಂಡಿದ್ದಾರೆ. ಗಂಡ, ಹೆಂಡತಿ, ಮಗ, ಸೊಸೆ ಇರುವ ಮನೆ. ಆ ಮನೆಯ ಯಜಮಾನಿಯನ್ನು ನಾನು ಅಕ್ಕ ಎಂದು ಕರೆಯುತ್ತೇನೆ. ಅವರಿಗೆ ನಾನು ಟೀಚರ್.

ನಕ್ಷೆ ಬರೆದುಕೊಟ್ಟ ಇಂಜಿನಿಯರು ಚಿಕ್ಕಮಗಳೂರಿನವರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಮಾತು ಮಾತ್ರ ಖಡಕ್ಕು. "ಇಲ್ಲಿ ಒಳಚರಂಡಿ ಅನ್ನೋದಿಲ್ಲ ಮೇಡಂ. ಸೆಪ್ಟಿಕ್ ಟ್ಯಾಂಕಿಂದ ಹೊರಗೆ ಬರೋ ನೀರು ನಿಮ್ಮ ಮಣ್ಣಲ್ಲೇ ಇಂಗ್ಬೇಕು. ಇಂಗುಗುಂಡಿಗೆ ಆ ಮಣ್ಣು ಆಗ್ತದಾ ಅಂತ ಟೆಸ್ಟ್ ಮಾಡಿ ನಂಗೆ ತಿಳ್ಸಿ, ಆಮೇಲೆ ಉಳಿದಿದ್ದು" ಎಂದರು.

ಮಣ್ಣಿನ ಟೆಸ್ಟ್ ಎಂದರೆ ನಮ್ಮನೆಯವರಿಗೆ ಹೇಳಿಕೊಡಬೇಕೆ? ಕಾಫಿ ಬೆಳೆಯುವವರೆಲ್ಲ ಮಾಡುವ ಕೆಲಸ ಅದು. ಮರುದಿನ ಬೆಳಿಗ್ಗೆಯೇ ಬಕೆಟ್ಟು ಹಿಡಿದು ಹೊರಟರು. ಇಲ್ಲೊಂದು ಹಿಡಿ, ಅಲ್ಲೊಂದು ಹಿಡಿ ಎಂದು ಇಡೀ ಜಾಗದಲ್ಲಿ ಹನ್ನೆರಡು ಕಡೆ ಗೇಣುದ್ದ ಕೆದಕಿ ಮಣ್ಣು ತೆಗೆದರು. ಎಲ್ಲವನ್ನೂ ಟಾರ್ಪಾಲಿನ ಮೇಲೆ ಸುರಿದು ಚೆನ್ನಾಗಿ ಬೆರೆಸಿದರು. ನಾಲ್ಕು ಪಾಲು ಮಾಡಿ ಎರಡು ಪಾಲು ಬಿಸಾಡಿ, ಉಳಿದದ್ದನ್ನು ಮತ್ತೆ ಬೆರೆಸಿ, ನೆರಳಿನಲ್ಲಿ ಒಣಗಿಸಿ, ಬಟ್ಟೆ ಚೀಲಕ್ಕೆ ತುಂಬಿ ಸರ್ಕಾರಿ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕೊಟ್ಟು ಬಂದರು. ವರದಿ ಬಂತು. ಮಣ್ಣಿನಲ್ಲಿ ಹುಳಿ ಜಾಸ್ತಿ ಇದೆ, ಎಕರೆಗೆ ಇಷ್ಟು ಸುಣ್ಣ ಹಾಕಿ ಎಂದು ಅದರಲ್ಲಿತ್ತು. ನಾನೂ ಓದಿದೆ, ತಲೆಯಾಡಿಸಿದೆ, ಫೋಟೋ ತೆಗೆದು ಇಂಜಿನಿಯರಿಗೆ ಕಳಿಸಿದೆ. ಅದರಲ್ಲಿ ಎಂತ ತಪ್ಪಿದೆ ಎಂದು ನನಗೂ ಹೊಳೆಯಲಿಲ್ಲ ಎನ್ನುವುದನ್ನು ಹೇಳಲು ಈಗಲೂ ನಾಚಿಕೆ.

ಇಂಜಿನಿಯರು ಫೋನು ಮಾಡಿದರು. "ಮೇಡಂ, ಪಾಯಿಖಾನೆಗೆ ಸುಣ್ಣ ಎಷ್ಟು ಹಾಕ್ಬೇಕು ಅಂತ ನಾನು ಕೇಳ್ಲಿಲ್ಲ" ಎಂದರು. ಪಕ್ಕದಲ್ಲಿದ್ದ ನಮ್ಮನೆಯವರಿಗೆ ಸಿಟ್ಟು ಬಂತು. "ಎಂತ ಮಾರಾಯ ಇವ್ನು, ಮಣ್ಣು ಒಳ್ಳೇದಿದೆ ಅಂತ ಸರ್ಕಾರವೇ ಬರ್ದು ಕೊಟ್ಟಿದೆ. ಕಾಫಿಗೆ ಆಗೋ ಮಣ್ಣು ಇದಕ್ಕೆ ಆಗಲ್ವಾ?" ಎಂದರು. ನನಗೂ ಹಾಗೇ ಅನ್ನಿಸಿತ್ತು. ಇಂಜಿನಿಯರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಹನ್ನೆರಡು ಕಡೆಯ ಮಣ್ಣು ಬೆರೆಸಿದರೆ ತೋಟದ ಒಟ್ಟು ಗುಣ ತಿಳಿಯುತ್ತದೆ. ಆದರೆ ಹೊಲಸು ನೀರು ಹನ್ನೆರಡು ಕಡೆ ಹಂಚಿಕೊಂಡು ಇಂಗುವುದಿಲ್ಲ, ಒಂದೇ ಕಡೆ ಇಳಿಯುತ್ತದೆ, ಆ ಒಂದು ಕಡೆಯ ಮಣ್ಣು ಹೇಗಿದೆ ಎನ್ನುವುದೇ ಮುಖ್ಯ.

ಇಷ್ಟರಲ್ಲಿ ಸುದ್ದಿ ಹರಡಿ ಊರವರೆಲ್ಲ ಸಲಹೆಗಾರರಾದರು. ಗಾರೆ ಕೆಲಸದವನು, "ಇಪ್ಪತ್ತಡಿ ತೆಗ್ದು ಸಿಮೆಂಟ್ ರಿಂಗ್ ಇಳ್ಸಿಬಿಡಿ, ನೀರು ಎಷ್ಟು ಬೇಗ ಹೋಯ್ತದೋ ಅಷ್ಟು ಒಳ್ಳೇದು" ಎಂದ. ಇಂಜಿನಿಯರನ್ನು ಕೇಳಿದರೆ ತುಂಬ ಬೇಗ ಹೋದರೂ ಕಷ್ಟ, ಮಣ್ಣು ಸೋಸುವ ಮೊದಲೇ ಹೊಲಸು ಕೆಳಗಿನ ಒರತೆಗೆ ಸೇರುತ್ತದೆ ಎಂದರು. ಹಾಗಾದರೆ ನಿಧಾನ ಹೋದರೆ ಒಳ್ಳೆಯದೇ ಎಂದರೆ ಅದೂ ಅಲ್ಲವಂತೆ, ಮೇಲೆ ಉಕ್ಕಿ ಅಂಗಳಕ್ಕೆ ಬರುತ್ತದಂತೆ. ಬೇಗವೂ ಬೇಡ, ನಿಧಾನವೂ ಬೇಡ. ಮತ್ತೆ ಎಂತ ಬೇಕು?

ಕೆಳಗಿನ ಮನೆಯ ಅಕ್ಕ ಬಂದಿದ್ದು ಆ ವಾರವೇ. ಕೈಯಲ್ಲಿ ಒಂದಿಷ್ಟು ಹರಿವೆ ಸೊಪ್ಪು ಇತ್ತು. ಅದನ್ನು ಕೊಟ್ಟು, ಮನೆ ಪಾಯವನ್ನೆಲ್ಲ ನೋಡಿ, ಹೊರಡುವಾಗ ಮೆಲ್ಲಗೆ ಹೇಳಿದರು.

"ಟೀಚ್ರೇ, ನೀವು ಬರ್ತೀರಿ ಅಂತ ನಂಗೆ ಖುಷಿಯೇ. ಒಂದೇ ಒಂದು. ನಮ್ಮ ಅಬ್ಬಿ ಕೆಡದ ಹಂಗೆ ನೋಡ್ಕಳಿ. ನಾನು ಮದ್ವೆಯಾಗಿ ಬಂದಾಗಿಂದ ಅದೇ ನೀರು. ಬೇರೆ ನೀರಿಲ್ಲ ನಮಗೆ."

"ಅಯ್ಯೋ ಅಕ್ಕ, ಅದ್ಕೇ ಅಲ್ವಾ ಮಣ್ಣು ಟೆಸ್ಟ್ ಮಾಡಿಸ್ತಾ ಇರೋದು" ಎಂದೆ. ಅವರು ನಂಬಿದರು. ಓದಿದವಳು, ವಿಜ್ಞಾನದ ಟೀಚರು, ನಂಬದೆ ಏನು ಮಾಡುತ್ತಾರೆ? ಅವತ್ತಿನಿಂದ ನನ್ನ ಮನಸ್ಸಿನಲ್ಲಿ ಬೇರೇನೂ ಉಳಿಯಲಿಲ್ಲ. ಮನೆ ಎಷ್ಟೇ ಚೆಂದ ಆಗಲಿ, ಅವರ ಕೊಡಕ್ಕೆ ನಮ್ಮ ಹೊಲಸು ಬೀಳಬಾರದು.

ಪರೀಕ್ಷೆಯ ವಿಧಾನವನ್ನು ಇಂಜಿನಿಯರು ಫೋನಿನಲ್ಲೇ ಹೇಳಿಕೊಟ್ಟರು. ಅಡಿ ಅಗಲ, ಮೂರಡಿ ಆಳದ ಗುಂಡಿ ತೆಗೆಯಬೇಕು. ತಳಕ್ಕೆ ಒಂದಿಷ್ಟು ಸಣ್ಣ ಜಲ್ಲಿ. ಮೊದಲ ದಿನ ಪೂರ್ತಿ ನೀರು ತುಂಬಿ ಮಣ್ಣು ಕುಡಿಯುವಷ್ಟು ಕುಡಿಯಲು ಬಿಡಬೇಕು. ಒಣ ಮಣ್ಣು ಮೊದಲು ಹೀರುವುದು ಲೆಕ್ಕಕ್ಕಿಲ್ಲ. ಮರುದಿನ ಆರು ಇಂಚು ನೀರು ನಿಲ್ಲಿಸಿ, ಕೋಲಿಗೆ ಗೆರೆ ಹಾಕಿಟ್ಟುಕೊಂಡು, ಒಂದು ಇಂಚು ಇಳಿಯಲು ಎಷ್ಟು ನಿಮಿಷ ಬೇಕು ಎಂದು ನೋಡಬೇಕು. ಐದು ನಿಮಿಷದೊಳಗೂ ಇಳಿಯಬಾರದು, ಅರ್ಧ ಗಂಟೆ ಮೀರಲೂಬಾರದು. ಕೇಳುವಾಗ ಎಲ್ಲ ಸುಲಭವೇ.

ಗುಂಡಿ ತೆಗೆದವರು ನಮ್ಮ ಮೇಸ್ತ್ರಿ. ದೊಡ್ಡ ಎಸ್ಟೇಟೊಂದರಲ್ಲಿ ಆಳುಗಳ ಮೇಲ್ವಿಚಾರಣೆ ನೋಡಿಕೊಂಡು ವಯಸ್ಸಾದ ಮೇಲೆ ನಮ್ಮ ಸಣ್ಣ ತೋಟಕ್ಕೆ ಬಂದವರು. ಹೇಳಿದ ಕೆಲಸವನ್ನು ಹೇಳಿದ ಹಾಗೇ ಮಾಡಿ ಮುಗಿಸುವ ಮನುಷ್ಯ. ಮೂರು ಕಡೆ ಗುಂಡಿ ತೆಗೆಸಿದೆವು. ಒಂದು ಮೇಲೆ ಓಕ್ ಮರಗಳ ಬಳಿ, ಒಂದು ಮನೆಯ ಮಗ್ಗುಲಿಗೆ, ಇನ್ನೊಂದು ಕೆಳಗೆ ಹಲಸಿನ ಮರದ ಹತ್ತಿರ. ನಮಗೆ ಬೇಕಾಗಿದ್ದು ಹಲಸಿನ ಗುಂಡಿಯೇ. ಟ್ಯಾಂಕಿಂದ ನೀರು ತಾನಾಗಿ ಇಳಿದು ಹೋಗುತ್ತದೆ. ಓಕ್ ಮರದ ಕಡೆಯಾದರೆ ಹೊಲಸು ನೀರನ್ನು ಪಂಪು ಮಾಡಿ ಮೇಲೆ ಹತ್ತಿಸಬೇಕು, ಕರೆಂಟು ಹೋದರೆ ದೇವರೇ ಗತಿ.

ಕಾಫಿ ಕೊಯ್ಲು ಮುಗಿದು, ಗಿಡ ಹೂ ಬಿಡಲು ಬೇಕಾದ ಹೂ ಮಳೆಗೆ ಕಾಯುತ್ತಿದ್ದ ದಿನಗಳು. ಶನಿವಾರ ಶಾಲೆ ಮುಗಿಸಿ ಬಂದು ನೀರು ತುಂಬಿಸಲು ನಿಂತೆ. ಮನೆ ಮಗ್ಗುಲಿನ ಗುಂಡಿ ನಾಲ್ಕು ಬಕೆಟ್ಟಿಗೇ ತುಂಬಿ ಕನ್ನಡಿಯ ಹಾಗೆ ನಿಂತಿತು, ಅಲ್ಲಾಡಲಿಲ್ಲ. ಓಕಿನ ಗುಂಡಿ ನಿಧಾನಕ್ಕೆ ಕುಡಿಯುತ್ತಿತ್ತು. ಹಲಸಿನ ಗುಂಡಿಗೆ ಮಾತ್ರ ಹನ್ನೊಂದು ಬಕೆಟ್ಟು ಸುರಿದರೂ ನೀರು ನಿಲ್ಲಲೇ ಇಲ್ಲ. ಸುರಿದು ತಿರುಗಿ ನೋಡುವುದರೊಳಗೆ ಜಲ್ಲಿ ಕಾಣುತ್ತಿತ್ತು. ಒಂದೇ ಜಾಗದ ಮೂರು ಗುಂಡಿ, ಮೂರಕ್ಕೂ ಮೂರು ಸ್ವಭಾವ. ಒಣ ಮಣ್ಣಲ್ಲವೇ, ಮೊದಲ ದಿನದ್ದು ಲೆಕ್ಕಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮೂಡಿಗೆರೆಗೆ ಹೊರಡುವಾಗ ಮೇಸ್ತ್ರಿಗೆ, "ನಾಳೆ ನಾನು ಬರೋವರೆಗೂ ಮೂರೂ ಗುಂಡೀಲಿ ನೀರು ಇರ್ಬೇಕು, ಒಣಗೋಕೆ ಬಿಡ್ಬೇಡಿ" ಎಂದು ಎರಡೆರಡು ಸಲ ಹೇಳಿದೆ.

ಭಾನುವಾರ ಬಂದು ನೋಡಿದರೆ ಮೂರರಲ್ಲೂ ನೀರಿತ್ತು. ಸ್ಟೂಲು ಹಾಕಿಕೊಂಡು ಕೋಲು, ಮೊಬೈಲು ಹಿಡಿದು ಕೂತೆ. ಮನೆ ಮಗ್ಗುಲಿನದು ಮಧ್ಯಾಹ್ನದವರೆಗೂ ಒಂದು ಇಂಚು ಇಳಿಯಲಿಲ್ಲ. ಓಕಿನದು ಇಪ್ಪತ್ತೈದು ನಿಮಿಷ. ಹಲಸಿನದು ಹದಿನೆಂಟು ನಿಮಿಷ! ಮೂರು ಸಲ ನೋಡಿದೆ, ಮೂರು ಸಲವೂ ಹದಿನೆಂಟರ ಆಸುಪಾಸು. ನಿನ್ನೆ ಕೊಡಗಟ್ಟಲೆ ನುಂಗಿದ ಗುಂಡಿ ಇವತ್ತು ಹೀಗೆ ಶಿಸ್ತಾಗಿ ಇಳಿಯುವುದು ಹೇಗೆ ಎಂಬ ಅನುಮಾನ ಒಂದು ಕ್ಷಣ ಬಂತು. ಬಂದಷ್ಟೇ ಬೇಗ ಅದನ್ನು ತಳ್ಳಿಬಿಟ್ಟೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಸಿಗ್ನಲ್ ಸಿಗುವ ತಿರುವಿನವರೆಗೆ ನಡೆದು ಇಂಜಿನಿಯರಿಗೆ ಅಂಕಿ ಕಳಿಸಿದೆ. "ಬಹಳ ಒಳ್ಳೇದಿದೆ ಮೇಡಂ, ಹಲಸಿನ ಹತ್ರವೇ ಮಾಡಿ" ಎಂದು ಉತ್ತರ ಬಂತು. ಟೇಪು ಹಿಡಿದು ನೋಡಿದರೂ ಅಬ್ಬಿಗೆ ದೂರ ಸಾಕಷ್ಟಿತ್ತು. ಅವತ್ತೇ ಅಕ್ಕನ ಮನೆಗೆ ಇಳಿದು ಹೋಗಿ, ಏನೂ ಹೆದರಬೇಡಿ, ಪರೀಕ್ಷೆ ಪಾಸಾಗಿದೆ ಎಂದು ಹೇಳಿಯೂ ಬಂದೆ.

ಎರಡು ವಾರ ಕಳೆದು, ಅಲ್ಲಿ ದೊಡ್ಡ ಗುಂಡಿ ತೆಗೆಯುವ ಕೆಲಸ ಶುರುವಾದಾಗ, ಮೇಸ್ತ್ರಿ ಹಾರೆ ಊರಿ ನಿಂತು ತಾನಾಗಿ ಹೇಳಿದರು.

"ಈ ಗುಂಡಿ ಭಾರೀ ಕಾಟ ಕೊಟ್ಟಿತ್ತು ಟೀಚರಮ್ಮ ಅವತ್ತು. ಎಷ್ಟು ಹೊಯ್ದರೂ ನೀರು ನಿಲ್ಲದು. ನೀವು ನೋಡಿದ್ರೆ ಒಣಗೋಕೆ ಬಿಡ್ಬೇಡಿ ಅಂದಿದ್ರಿ. ಕೊನೆಗೆ ಜಲ್ಲಿ ತೆಗ್ದು, ಹುತ್ತದ ಮಣ್ಣು ಕಲ್ಸಿ ತಳಕ್ಕೂ ಸುತ್ತಕ್ಕೂ ಬಡ್ದು, ಮತ್ತೆ ಜಲ್ಲಿ ಹಾಕ್ದೆ. ಆಮೇಲೆ ನೋಡಿ ಹೆಂಗೆ ನಿಂತಿತು!"

ಅವರ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ಸಂತೋಷವಿತ್ತು. ಜನ್ಮವಿಡೀ ತೋಟದಲ್ಲಿ ನೀರು ಸೋರದ ಹಾಗೆ ಕಟ್ಟೆ ಕಟ್ಟಿದವರು, ನರ್ಸರಿಯ ತೊಟ್ಟಿಗಳಿಗೆ ಹುತ್ತದ ಮಣ್ಣು ಬಳಿದವರು. ಸೋರುವ ಗುಂಡಿಯನ್ನು ಕಂಡರೆ ಅವರ ಕೈ ಸುಮ್ಮನಿರುತ್ತದೆಯೇ? ಬೈಯುವ ಹಾಗೂ ಇರಲಿಲ್ಲ. ಹೇಳಿದ್ದು ನಾನು. ಯಾಕೆ ಎಂದು ಹೇಳದೆ ಹೋಗಿದ್ದೂ ನಾನು.

ಅಂದರೆ ನಾನು ಗಂಟೆಗಟ್ಟಲೆ ಕೂತು ಅಳೆದದ್ದು ನಮ್ಮ ಮಣ್ಣನ್ನಲ್ಲ, ಮೇಸ್ತ್ರಿಯ ಕೈಕೆಲಸವನ್ನು. ಹಾಗಾದರೆ ನಿಜ ಯಾವುದು? ಶನಿವಾರದ್ದು ಒಣ ಮಣ್ಣಿನ ದಾಹ ಎಂದು ಇಂಜಿನಿಯರೇ ಹೇಳಿದ್ದರು. ಭಾನುವಾರದ್ದು ಹುತ್ತದ ಮಣ್ಣಿನದು. ನಡುವೆ ನಮ್ಮ ಮಣ್ಣು ಎಲ್ಲೂ ಇಲ್ಲ. ನಮ್ಮನೆಯವರು, "ಎರಡನ್ನೂ ಸೇರ್ಸಿ ಸರಾಸರಿ ತಗೊಳೇ" ಎಂದರು. ತಮಾಷೆಗೆ ಹೇಳಿದರೋ ನಿಜಕ್ಕೋ ಗೊತ್ತಾಗಲಿಲ್ಲ. ಆಮೇಲೆ ಅವರೇ, "ಅಬ್ಬಿ ಎಲ್ಲಿ, ಗುಂಡಿ ಎಲ್ಲಿ? ಸುಮ್ನೆ ತಲೆ ಕೆಡ್ಸಿಕೊಳ್ತೀಯ ಮಾರಾಯ್ತಿ" ಎಂದರು. ಅದೂ ಸರಿಯೇ ಅನ್ನಿಸಿತು. ಒಂದು ಗಂಟೆ ಸರಿ ಅನ್ನಿಸುವುದು, ಮರು ಗಂಟೆಗೆ ಅಕ್ಕನ ಹರಿವೆ ಸೊಪ್ಪು ನೆನಪಾಗುವುದು. ಶಾಲೆಯಲ್ಲಿ ಹತ್ತನೇ ತರಗತಿಗೆ ಹೋಗಿ ಒಂಬತ್ತನೆಯದರ ಪಾಠ ಮಾಡಿ ಬಂದೆ. ಮಕ್ಕಳೂ ಹೇಳಲಿಲ್ಲ.

ಮತ್ತೆ ಅಳೆದರೆ ನೀರು ಎಷ್ಟು ಬೇಗ ಹೋಗುತ್ತದೆ ಎಂದು ತಿಳಿದೀತು, ಎಲ್ಲಿಗೆ ಹೋಗುತ್ತದೆ ಎಂದು ತಿಳಿಯದು. ಆಗ ಹೊಳೆದದ್ದು ಉಪ್ಪು. ತೆಂಗಿನ ಬುಡಕ್ಕೆ ಹಾಕಲೆಂದು ತಂದ ಹರಳುಪ್ಪಿನ ಮೂಟೆ ಶೆಡ್ಡಿನಲ್ಲಿತ್ತು. ಗುಂಡಿಗೆ ಉಪ್ಪುನೀರು ಬಿಟ್ಟರೆ, ಅಬ್ಬಿಗೂ ಗುಂಡಿಗೂ ಸಂಬಂಧ ಇದ್ದರೆ ಅಲ್ಲಿ ರುಚಿ ಸಿಗಲೇಬೇಕು. ಸಿಗದಿದ್ದರೆ ನಿಶ್ಚಿಂತೆ. ಶುಕ್ರವಾರ ರಜೆ ಹಾಕಿ ಬಂದು, ದೊಡ್ಡ ಗುಂಡಿಯ ಕೆಲಸ ನಿಲ್ಲಿಸಿ, ಪರೀಕ್ಷೆಯ ಗುಂಡಿಯಿಂದ ಹುತ್ತದ ಮಣ್ಣನ್ನೆಲ್ಲ ಕೆರೆಸಿ ತೆಗೆಸಿ, ಮೂಟೆಯಷ್ಟು ಉಪ್ಪನ್ನು ಡ್ರಮ್ಮುಗಳಲ್ಲಿ ಕರಗಿಸಿ ಮಧ್ಯಾಹ್ನದೊಳಗೆ ಪೂರ್ತಿ ಹೊಯ್ಯಿಸಿದೆ. ಗುಂಡಿ ಎಲ್ಲವನ್ನೂ ಸದ್ದಿಲ್ಲದೆ ಕುಡಿಯಿತು.

ಅಕ್ಕನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಇಲ್ಲದ ಉಪ್ಪೂ ಅವರ ನಾಲಿಗೆಗೆ ಹತ್ತುತ್ತದೆ, ಪರೀಕ್ಷೆ ಕೆಡುತ್ತದೆ ಎಂದು ನನಗೆ ನಾನೇ ವಿಜ್ಞಾನ ಬೋಧಿಸಿಕೊಂಡೆ. ನಿಜ ಹೇಳಬೇಕೆಂದರೆ ಪಾಸಾಗಿದೆ ಎಂದು ಹೇಳಿ ಬಂದ ಬಾಯಲ್ಲೇ ಇಲ್ಲ ಎನ್ನಲು ಮುಖವಿರಲಿಲ್ಲ. ಶನಿವಾರ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಮೇಸ್ತ್ರಿಗೆ ಫೋನು ಮಾಡಿ, ಪೈಪಿನ ನೀರು ಒಂದು ಗುಟುಕು ಕುಡಿದು ನೋಡಿ ಎಂದೆ. ಅವರು ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ಕುಡಿದು, "ಎಂತ ಇಲ್ಲ ಟೀಚರಮ್ಮ, ಅಬ್ಬಿ ನೀರು ಅಬ್ಬಿ ನೀರೇ" ಎಂದರು. ಎಲೆಅಡಿಕೆಯ ವಿಷಯ ನನಗೆ ಗೊತ್ತಾದದ್ದು ಆಮೇಲೆ. ಆ ದಿನವೆಲ್ಲ ಹಗುರಾಗಿ ಓಡಾಡಿದೆ.

ಭಾನುವಾರ ಬೆಳಿಗ್ಗೆ, ಏನಿದ್ದರೂ ನಾನೇ ಒಮ್ಮೆ ನೋಡಿಬಿಡೋಣ ಎಂದು ದರೆ ಇಳಿದೆ. ಅಬ್ಬಿಯ ಹತ್ತಿರ ಹೋಗುವುದರೊಳಗೆ ಅಕ್ಕ ಅಡುಗೆಮನೆಯ ಬಾಗಿಲಿಂದ ಕರೆದರು. ಒಳಗೆ ಹೋಗಿ ಕೂತೆ. ಮಗ ಸೊಸೆ ಕಳಸಕ್ಕೆ ಹೋಗಿದ್ದರು. ಯಜಮಾನರು ಅಂಗಳದಲ್ಲಿ ಕಾಳುಮೆಣಸು ಹರವುತ್ತಿದ್ದರು. ಒಲೆಯ ಮೇಲಿನ ಗೂಡಿನಲ್ಲಿದ್ದ ಡಬ್ಬಿಗಳ ಮೇಲೆ ಹೊಸದಾಗಿ ಬಿಳಿ ಚೀಟಿ ಅಂಟಿಸಿದ್ದು ಕಂಡಿತು. ಒಂದರ ಮೇಲೆ ಉಪ್ಪು, ಒಂದರ ಮೇಲೆ ಸಕ್ಕರೆ, ದಪ್ಪ ಅಕ್ಷರದಲ್ಲಿ.

ಕಾಫಿ ಲೋಟ ನನ್ನ ಕೈಗಿಟ್ಟು ಅಲ್ಲೇ ನಿಂತರು, ನಾನು ಕುಡಿಯುವುದನ್ನೇ ನೋಡುತ್ತಾ. ಒಂದು ಗುಟುಕು ಕುಡಿದೆ. ಉಪ್ಪು. ಜಾಸ್ತಿ ಅಲ್ಲ, ಆದರೆ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ನನ್ನ ಮುಖದಲ್ಲಿ ಎಂತ ಕಂಡರೋ, ಅಕ್ಕನ ಮುಖ ಬಾಡಿ ಹೋಯಿತು. "ಇದ್ರಲ್ಲೂ ಹಾಕಿದೀನಾ?" ಎಂದರು. "ಈಗ ಚೀಟಿ ಓದಿ ಓದಿಯೇ ಹಾಕಿದ್ದು ಟೀಚ್ರೇ. ನಿನ್ನೆಯಿಂದ ಹಿಂಗೆಯೇ. ಸಾರು ಮಾಡಿದ್ರೆ ಉಪ್ಪು, ಗಂಜಿ ಮಾಡಿದ್ರೆ ಉಪ್ಪು. ಅತ್ತೆಗೆ ಮರೆವು, ಎರಡೆರಡು ಸಲ ಹಾಕ್ತಾರೆ ಅಂತ ಸೊಸೆ ಚೀಟಿ ಅಂಟ್ಸಿದ್ಲು. ನಮ್ಮ ಅಮ್ಮನಿಗೂ ಹಿಂಗೇ ಶುರುವಾಗಿದ್ದು. ಮೊದ್ಲು ಉಪ್ಪು, ಆಮೇಲೆ ಒಲೆ, ಆಮೇಲೆ ನಾವು ಯಾರು ಅನ್ನೋದೂ... ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ ನಂಗೆ."

ನೀರು ಕುಡಿದು ನೋಡಲಿಲ್ಲವೇ ಎಂದು ಕೇಳಿದೆ. ಕುಡಿಯಲು ಅವರು ಕುದಿಸಿ ತುಂಬಿಟ್ಟ ಹಂಡೆಯ ನೀರೇ ಇನ್ನೂ ಮುಗಿದಿರಲಿಲ್ಲವಂತೆ. ಪೈಪಿನ ನೀರನ್ನು ಅನುಮಾನಿಸುವುದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಬ್ಬಿ ಕೆಟ್ಟಿತು ಎಂದುಕೊಳ್ಳುವುದಕ್ಕಿಂತ ತನ್ನ ತಲೆ ಕೆಟ್ಟಿತು ಎಂದುಕೊಳ್ಳುವುದೇ ಅಕ್ಕನಿಗೆ ಸುಲಭವಾಗಿತ್ತು.

"ಅಕ್ಕ, ಉಪ್ಪು ಹಾಕಿದ್ದು ನೀವಲ್ಲ, ನಾನು" ಎಂದೆ. ಗುಂಡಿ, ಹುತ್ತದ ಮಣ್ಣು, ಮೂಟೆ ಎಲ್ಲವನ್ನೂ ಹಿಂದುಮುಂದಾಗಿ ಹೇಳಿದೆ. ನಿಮಗೆ ಹೇಳದೆ ಮಾಡಿದ್ದು ತಪ್ಪು ಎಂದೆ. ಇವತ್ತೇ ಆ ಗುಂಡಿ ಮುಚ್ಚಿಸುತ್ತೇನೆ, ಪಂಪಾದರೆ ಪಂಪು, ಓಕ್ ಮರದ ಹತ್ತಿರವೇ ಮಾಡಿಸುತ್ತೇನೆ, ನಾಲ್ಕು ದಿನಕ್ಕೆ ನೀರು ಮೊದಲಿನ ಹಾಗೆ ಆಗುತ್ತದೆ, ಅಲ್ಲಿಯವರೆಗೆ ಮೂಡಿಗೆರೆಯಿಂದ ಕ್ಯಾನಿನಲ್ಲಿ ನೀರು ತಂದುಕೊಡುತ್ತೇನೆ ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಕ್ಕ ನನ್ನ ಕೈ ಹಿಡಿದುಕೊಂಡರು. "ಹಂಗಾರೆ ನಾನು ಒಂದೇ ಸಲ ಹಾಕಿದ್ದು ಅಲ್ವಾ?" ಎಂದು ಕೇಳಿದರು.

"ಒಂದೇ ಸಲ ಅಕ್ಕ."

ಸೆರಗಿನಿಂದ ಕಣ್ಣೊರೆಸಿಕೊಂಡು, ಡಬ್ಬಿಗಳ ಮೇಲಿನ ಚೀಟಿಗಳನ್ನು ಉಗುರಿನಿಂದ ಕೆರೆದು ಕಿತ್ತರು. ಆಮೇಲೆ ಬಾಗಿಲಿಗೆ ಹೋಗಿ ಅಂಗಳದಲ್ಲಿದ್ದ ಗಂಡನಿಗೆ ಕೇಳುವ ಹಾಗೆ ಕೂಗಿ ಹೇಳಿದರು, "ರೀ, ಕೇಳಿದ್ರಾ? ನಂಗೆ ಎಂತದೂ ಆಗಿಲ್ಲ, ಕೆಟ್ಟಿರೋದು ನೀರಂತೆ!"